ತಟ್ಟಿ ತೆಗೆಯುವ ಬಾಗಿಲು

ನನಗೊಂದು ಚಾಳಿ ಇದೆ. ಮುಚ್ಚಿದ ಬಾಗಿಲನ್ನು ತಟ್ಟದೆ ತೆಗೆಯಲಾರೆ. ಬೇರೆಯವರ ಮನೆಯ ಬಾಗಿಲಾದರೆ ಅದು ಸೌಜನ್ಯ ಅನ್ನಿಸಿಕೊಳ್ಳುತ್ತಿತ್ತು. ನಾನು ತಟ್ಟುವುದು ನಮ್ಮದೇ ಮನೆಯ ಬಾಗಿಲುಗಳನ್ನು. ಒಳಗೆ ಇಸ್ತ್ರಿ ಪೆಟ್ಟಿಗೆ ಬಿಟ್ಟರೆ ಇನ್ನೇನೂ ಇಲ್ಲವೆಂದು ಚೆನ್ನಾಗಿ ಗೊತ್ತಿರುವ ಕೋಣೆಯನ್ನೂ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, ಒಂದು ಉಸಿರು ನಿಂತು, ಆಮೇಲೆ ಹಿಡಿಕೆ ತಿರುಗಿಸುತ್ತೇನೆ. ಮೆಟ್ಟಿಲ ಕೆಳಗಿನ ಪೊರಕೆ ಗೂಡಿಗೂ ಈ ಮರ್ಯಾದೆ ಉಂಟು. "ತಾಳು, ಪೊರಕೆ ಬಟ್ಟೆ ಬದಲಾಯಿಸ್ತಾ ಇರಬಹುದು" ಎಂದು ನಮ್ಮನೆಯವರು ನಗುತ್ತಾರೆ.

ನೋಡಿದವರು ಇದನ್ನು ಕಾನ್ವೆಂಟ್ ಬುದ್ಧಿ ಅಂದುಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಬಾಗಿಲು ತಟ್ಟುವುದನ್ನು ಮಗ್ಗಿ ಕಲಿಸಿದ ಹಾಗೆ ಕಲಿಸಿದ್ದರು. "ಅಂಗೈಯಲ್ಲಿ ಬಡಿಯೋರು ಪೊಲೀಸಿನವರು, ಗೆಣ್ಣಲ್ಲಿ ತಟ್ಟೋರು ಮನುಷ್ಯರು" ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು. ಅವರಿಗೆ ಹೆದರಿ ನಾನು ಮನೆಯಲ್ಲಿ ಹಿತ್ತಿಲ ಬಚ್ಚಲು ಮನೆಗೂ "ಮೇ ಐ ಕಮ್ ಇನ್" ಎಂದು ಕೇಳಿ, ಒಳಗಿದ್ದ ಚಿಕ್ಕಪ್ಪನಿಂದ ಬೈಸಿಕೊಂಡಿದ್ದೆ. ಆದರೆ ಆ ಕಲಿಕೆಯೆಲ್ಲ ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಕೈಯಲ್ಲಿ ಮಗು, ಸೊಂಟದಲ್ಲಿ ಬಟ್ಟೆ ಬುಟ್ಟಿ ಇರುವ ಹೆಂಗಸು ಬಾಗಿಲನ್ನು ಕಾಲಲ್ಲಿ ನೂಕುತ್ತಾಳೆ. ಈಗಿನ ಈ ತಟ್ಟುವಿಕೆ ಸಿಸ್ಟರ್ ಕಲಿಸಿದ್ದಲ್ಲ, ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಮನೆ ಕಲಿಸಿದ್ದು.

ಮನೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಮ್ಮನೆಯವರಿಗೆ ವಿದನ್‌ಶಾದ ಆಸ್ಪತ್ರೆಯಲ್ಲಿ ಕೆಲಸ ಖಾಯಂ ಆದ ಮೇಲೆ, ಅಂದರೆ ಹೊಸ ಶತಮಾನ ಬಂತೆಂದು ಎಲ್ಲರೂ ಪಟಾಕಿ ಹೊಡೆದ ಹೊತ್ತಿಗೆ, ಈ ಮನೆ ಕೊಂಡೆವು. ಕೆಂಪಿಟ್ಟಿಗೆಯದು, ಎತ್ತರ, ಆದರೆ ಅಗಲವೇ ಇಲ್ಲ. ಸಣಕಲು ಮಾಸ್ತರು ಸಾಲಿನಲ್ಲಿ ಉಸಿರು ಬಿಗಿಹಿಡಿದು ನಿಂತ ಹಾಗೆ. ಒಂದಾನೊಂದು ಕಾಲದಲ್ಲಿ ಈ ಊರು ಹ್ಯಾಟುಗಳ ಊರು. ಕೆನಡಾದ ಹೊಳೆಗಳಲ್ಲಿ ಅಡ್ಡಗಟ್ಟೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿರುವ ಬೀವರ್ ಎಂಬ ಪ್ರಾಣಿಯ ತುಪ್ಪಳ ಹಡಗಿನಲ್ಲಿ ಬಂದು, ಈ ಸೀಮೆಯ ದೊಡ್ಡಮನುಷ್ಯರ ತಲೆಯ ಮೇಲೆ ಕೂರುತ್ತಿತ್ತಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮನೆ ಕೊಳ್ಳುವಾಗ ಗೊತ್ತಿದ್ದದ್ದು ಸ್ಟೇಷನ್ ಹತ್ತಿರ, ಶಾಲೆ ಹತ್ತಿರ, ಮಾರ್ಟ್‌ಗೇಜ್ ಸಾಲದ ಕೊನೆ ಮಾತ್ರ ಬೇಗ ಹತ್ತಿರಕ್ಕೆ ಬರುವುದಿಲ್ಲ ಎಂಬುದಷ್ಟೇ.

ಮೆಟ್ಟಿಲ ಕೆಳಗೆ ಒಂದು ಗೂಡು. ಅದರ ಗೋಡೆಯಲ್ಲಿ ಕೋಟು ತೂಗುಹಾಕುವ ಗೂಟಗಳ ಸಾಲು, ನನ್ನ ತಲೆಗಿಂತ ಎತ್ತರದಲ್ಲಿ. ಒಂದು ಗೂಟ ಮಾತ್ರ ಬೇರೆ: ಮೂಲೆಯಲ್ಲಿ, ನನ್ನ ಸೊಂಟದ ಮಟ್ಟಕ್ಕೆ, ಮರದ್ದು, ತುದಿ ಸವೆದು ನುಣ್ಣಗಾದದ್ದು. ಮಗಳು ಅನುವಿಗೆ ಆಗ ಆರೇಳು ವರ್ಷ. "ನೋಡು, ನಿನಗೇ ಅಂತ ಹೊಡೆದಿಟ್ಟಿದ್ದಾರೆ" ಎಂದು ಅವಳ ರೇನ್‌ಕೋಟನ್ನು ಅಲ್ಲಿ ಹಾಕಿದೆ. ಬೆಳಗ್ಗೆ ಅದು ನೆಲದ ಮೇಲಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಶಾಲೆಯ ಚೀಲ, ಸ್ಕಾರ್ಫು, ಛತ್ರಿ, ಯಾವುದನ್ನು ಹಾಕಿದರೂ ಅಷ್ಟೆ. ಇಷ್ಟು ಅಸಡ್ಡೆ ಒಳ್ಳೆಯದಲ್ಲ ಎಂದು ಮಗಳನ್ನು ಗದರಿದೆ. ಅವಳು ಶಾಂತವಾಗಿ ಹೇಳಿದಳು: "ದಟ್ಸ್ ನಾಟ್ ಮೈ ಹುಕ್, ಅಮ್ಮಾ."

ಇಲ್ಲಿ ಹುಟ್ಟಿದ ಮಕ್ಕಳು ನಾವು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತವೆ, ಅದಿರಲಿ. ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಮೆಟ್ಟಿಲು ಇಳಿಯುವಾಗ ಎಡಗೈಯನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದಳು. ಯಾಕೆ ಅಂದರೆ, ಆ ಕಡೆಯ ಕೈ ತಣ್ಣಗಾಗುತ್ತದಂತೆ. ಮುಟ್ಟಿ ನೋಡಿದರೆ ನಿಜವಾಗಿಯೂ ಒಂದೇ ಕೈ ತಣ್ಣಗಿರುತ್ತಿತ್ತು. ವೈದ್ಯರಾದ ನಮ್ಮನೆಯವರು "ರಕ್ತ ಸಂಚಾರ" ಎಂದರು. ನಮ್ಮ ಜಿಪಿ ಡಾಕ್ಟರು "ಇಂಗ್ಲೆಂಡ್" ಎಂದರು.

ಆ ವರ್ಷ ನಮ್ಮತ್ತೆ ಬಂದಿದ್ದರು. ಮಂಡ್ಯದ ಕಡೆಯವರು, ಆರು ತಿಂಗಳ ವೀಸಾ, ಸೂಟ್‌ಕೇಸಿನ ತುಂಬ ರಾಗಿ ಹಿಟ್ಟು. ಬಂದ ವಾರದಲ್ಲೇ ಪಕ್ಕದ ಮನೆಯ ಬೆಕ್ಕಿನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸಿ, ಎಲ್ಲರಿಂದಲೂ ಉತ್ತರ ಪಡೆಯುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡಬೇಕೆಂದರು.

"ಅವ್ವ, ಅದೆಲ್ಲ ಇಲ್ಲಿ ಕಷ್ಟ. ಟಿವಿಡೇಲ್‌ಗೆ ಹೋಗಿ ಬಾಲಾಜಿಗೆ ಅರ್ಚನೆ ಮಾಡಿಸಿಕೊಂಡು ಬಂದರಾಗಲ್ವಾ?" ಎಂದರು ಇವರು.

"ದ್ಯಾವ್ರು ಬ್ಯಾರೆ, ಹಿರೀಕ್ರು ಬ್ಯಾರೆ ಕಣಪ್ಪ. ದ್ಯಾವ್ರಿಗೆ ಹಸಿವಾಯ್ತದಾ? ನಿಮ್ಮಪ್ಪಂಗೆ ಆಯ್ತದೆ."

ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮಾವನವರಿಗೆ ಬದುಕಿದ್ದಾಗಲೂ ಹಸಿವು ತಡೆಯುತ್ತಿರಲಿಲ್ಲ.

ಎಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮಹಾಲಯ ಅಮಾವಾಸ್ಯೆಯಂದು ತೀರಿಹೋದ ಹಿರಿಯರಿಗೆ ಒಂದು ಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಅರಿಶಿನ ಹಚ್ಚಿದ ಹೊಸ ಬಟ್ಟೆ ಇಡುತ್ತೇವೆ: ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ. ಧೂಪ ಹಾಕಿ, ಒಬ್ಬೊಬ್ಬರನ್ನೂ ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು, ಉಣ್ಣುವವರು ಬೆಚ್ಚದಿರಲಿ ಎಂದು ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಆಮೇಲೆ ಆ ಬಟ್ಟೆಯನ್ನು ಮನೆಯವರು ಉಡುತ್ತಾರೆ, ಆ ಊಟವನ್ನು ಮನೆಯವರು ಉಣ್ಣುತ್ತಾರೆ.

ನಮ್ಮತ್ತೆ ಪಂಚೆ ಸೀರೆಗಳ ಜೊತೆಗೆ ಪ್ರತಿ ವರ್ಷ ಒಂದು ಪುಟ್ಟ ಫ್ರಾಕನ್ನೂ ಇಡುತ್ತಿದ್ದರು. ಅದು ನಾಗುವಿಗೆ, ನಮ್ಮನೆಯವರ ಅಕ್ಕನಿಗೆ. ಇವರು ಹುಟ್ಟುವ ಮೊದಲೇ, ಆರೇಳು ವರ್ಷದ ಹುಡುಗಿಯಾಗಿ ಜ್ವರದಲ್ಲಿ ಹೋದವಳು. ಬದುಕಿದ್ದರೆ ಮೊಮ್ಮಕ್ಕಳು ಬರುವ ವಯಸ್ಸು. ಆದರೆ ಫ್ರಾಕಿನ ಅಳತೆ ಬೆಳೆಯಲಿಲ್ಲ. ಆ ವರ್ಷ ಸ್ಟಾಕ್‌ಪೋರ್ಟ್ ಮಾರ್ಕೆಟ್ಟಿನಲ್ಲಿ ಹಳದಿ ಹೂವಿನ ಫ್ರಾಕು ಆರಿಸಿದಾಗ, ಅಳತೆಗೆಂದು ಅತ್ತೆ ಅದನ್ನು ಅನುವಿನ ಬೆನ್ನಿಗೆ ಹಿಡಿದರು. ಸರಿಯಾಗಿ ಕೂತಿತು. ಅತ್ತೆ ತಕ್ಷಣ ಕೈ ಹಿಂದಕ್ಕೆಳೆದು, ಅಂಗಡಿಯವಳಿಗೆ "ಮಡಿಸ್ಕೊಡವ್ವ" ಎಂದರು. ಆ ಅವಸರ ನನ್ನ ಕಣ್ಣಿಗೆ ಬಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಶನಿವಾರ. ಉದ್ದಿನಬೇಳೆ ನೆನೆಸಿಟ್ಟು ಕಿಟಕಿಯಲ್ಲಿ ನೋಡಿದರೆ, ಇಬ್ಬರು ಹೆಂಗಸರು ರಸ್ತೆಯಲ್ಲಿ ನಿಂತು ನಮ್ಮ ಮನೆಯ ಫೋಟೋ ತೆಗೆಯುತ್ತಿದ್ದರು. ಒಬ್ಬಾಕೆಗೆ ಎಪ್ಪತ್ತರ ಮೇಲಿರಬಹುದು, ಗಲ್ಲಕ್ಕೆ ಗಂಟು ಹಾಕಿದ ಪ್ಲಾಸ್ಟಿಕ್ ಮಳೆಟೋಪಿ. ಇನ್ನೊಬ್ಬಾಕೆಗೆ ಐವತ್ತರ ಆಸುಪಾಸು, ಕಪ್ಪು ಜಡೆ, ಅಗಲ ಕೆನ್ನೆ. ಕೌನ್ಸಿಲ್ ಟ್ಯಾಕ್ಸಿನವರೇನೋ ಎಂಬ ಹೆದರಿಕೆಯಿಂದ ಬಾಗಿಲು ತೆಗೆದೆ.

"ಏನಿಲ್ಲ ಲವ್, ನಮ್ಮ ಪೂರ್ವಿಕರೊಬ್ಬರು ಈ ಮನೆಯಲ್ಲಿದ್ದರು" ಎಂದಳು ಹಿರಿಯಾಕೆ. ಲೀಡ್ಸಿನವಳು, ಜೀನ್ ಎಂದು ಹೆಸರು. ಈ ಕಡೆ ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ. ಮೊದಲ ಸಲ ಹಾಲಿನವನ ಬಾಯಲ್ಲಿ ಕೇಳಿದಾಗ ನಾನು ಸಂಜೆಯವರೆಗೂ ಯೋಚಿಸಿ ಗಂಡನಿಗೆ ದೂರು ಕೊಟ್ಟಿದ್ದೆ.

ಮಳೆ ಹನಿಯುತ್ತಿತ್ತು. ಚಹಾಕ್ಕೆ ಕರೆದೆ. ಜಡೆಯಾಕೆ, ಕೆನಡಾದ ಲೂಯಿಸ್, ಯಾರೂ ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದಳು. ಅವರ ಕಡೆ ಹಾಗೇ ಅಂತೆ. "ಇವಳು ನಮ್ಮೋಳು" ಎಂದು ಅತ್ತೆ ಅಲ್ಲೇ ತೀರ್ಪು ಕೊಟ್ಟರು. ಜೀನ್ ತನ್ನ ಒದ್ದೆ ಕೋಟು ಹಾಕಲು ಮೆಟ್ಟಿಲ ಕೆಳಗಿನ ಗೂಡಿಗೆ ಬಗ್ಗಿದಳು. ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಮೂಲೆಯ ಗಿಡ್ಡ ಗೂಟವನ್ನು ಬೆರಳ ತುದಿಯಿಂದ ಮುಟ್ಟಿದ್ದನ್ನೂ, ಬಿಸಿ ತಾಗಿದವಳಂತೆ ತೆಗೆದದ್ದನ್ನೂ ನಾನು ನೋಡಿದೆ. ಬಂದು ಕೂತವಳು ಚಹಾಕ್ಕೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಸಕ್ಕರೆ ಹಾಕಿದಳು.

ಕತೆ ಹೇಳಿದ್ದು ಲೂಯಿಸ್. ಜೋಸೆಫ್ ಎಂಬವನು ಈ ಊರಿನಿಂದ ಹುಡುಗನಾಗಿದ್ದಾಗಲೇ ಕೆನಡಾಕ್ಕೆ ಹೋಗಿ, ತುಪ್ಪಳದ ವ್ಯಾಪಾರದಲ್ಲಿ ಅರ್ಧ ಆಯುಸ್ಸು ಕಳೆದ. ಅಲ್ಲಿನ ಮೂಲನಿವಾಸಿಗಳ ಹೆಣ್ಣೊಬ್ಬಳನ್ನು ಕಟ್ಟಿಕೊಂಡ. ಮಕ್ಕಳಾದವು. ವಯಸ್ಸಾದ ಮೇಲೆ ಊರಿಗೆ ಹಿಂತಿರುಗುವಾಗ ಹೆಂಡತಿಯನ್ನೂ ಗಂಡುಮಕ್ಕಳನ್ನೂ ಅಲ್ಲೇ ಬಿಟ್ಟು, ಕಿರಿಯ ಹುಡುಗಿಯೊಬ್ಬಳನ್ನು ಜೊತೆಗೆ ತಂದ. ಇಲ್ಲಿ ಮತ್ತೆ ಮದುವೆಯಾದ. ಈ ಮನೆಯಲ್ಲಿ ಹ್ಯಾಟಿನವರಿಗೆ ತುಪ್ಪಳ ಮಾರಿಕೊಂಡು ಸುಖವಾಗಿದ್ದು ಸತ್ತ. ಲೂಯಿಸ್ ಆ ಮೊದಲನೆಯವಳ ಸಂತತಿ, ಜೀನ್ ಎರಡನೆಯವಳದು. ಮನೆಮನೆಗೂ ಇಂಟರ್ನೆಟ್ ಬಂದು ಎಲ್ಲರೂ ಮುತ್ತಜ್ಜಂದಿರನ್ನು ಹುಡುಕುತ್ತಿದ್ದ ಕಾಲ ಅದು, ಹಾಗೆ ಒಬ್ಬರಿಗೊಬ್ಬರು ಸಿಕ್ಕಿದ್ದರು.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಲೇ ಎಂದರು: "ಅಂದ್ರೆ ಸವತೀರ ಮನೆಯೋರು ಅನ್ನು. ಅದ್ಕೇಯ ಒಬ್ರ ಮಖ ಒಬ್ರು ನೋಡ್ತಿಲ್ಲ." ಇದನ್ನು ನಾನು ಇಂಗ್ಲಿಷಿಗೆ ಮಾಡಲಿಲ್ಲ.

"ಆ ಹುಡುಗಿ ಇಲ್ಲಿಗೆ ಬಂದು ತಲುಪಿದಳೇ, ಅದೊಂದು ಗೊತ್ತಾದರೆ ಸಾಕು" ಎಂದಳು ಲೂಯಿಸ್. "ಚರ್ಚಿನಲ್ಲಿ, ಗೋರಿಗಳಲ್ಲಿ, ಜನಗಣತಿಯಲ್ಲಿ ಎಲ್ಲೂ ಅವಳಿಲ್ಲ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಳೆ, ಇನ್ನು ಹೆಚ್ಚು ದಿನವಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ, ಮಗು ಮನೆ ಮುಟ್ಟಿದಳಾ, ಅಂತ ಕೇಳುತ್ತಾಳೆ. ಅವಳ ಅಮ್ಮ ಕೇಳುತ್ತಿದ್ದದ್ದೂ ಅದನ್ನೇ. ಸೋಮವಾರ ಬೆಳಗ್ಗೆ ನನ್ನ ವಿಮಾನ. ಏನು ಹೇಳಲಿ ಅವಳಿಗೆ?"

"ಹುಡುಗಿ ಇರಲೇ ಇಲ್ಲ, ಲವ್" ಎಂದಳು ಜೀನ್, ಬಟ್ಟಲಿನೊಳಗೆ ನೋಡುತ್ತ. "ನಮ್ಮ ಮನೆಯಲ್ಲಿ ಯಾರೂ ಅಂಥ ಮಾತೇ ಆಡಿಲ್ಲ. ಅದು ಬರೀ ಕತೆ."

ಆಗ ಲೂಯಿಸ್ ಚೀಲದಿಂದ ಅದನ್ನು ತೆಗೆದಳು. ಮಗುವಿನ ಕೈಗವಸು. ಬೆರಳುಗಳಿಲ್ಲದ, ಹೆಬ್ಬೆರಳು ಮಾತ್ರ ಬೇರೆಯಾಗಿರುವ ಬಗೆಯದು. ಹೊರಗೆ ಚರ್ಮ, ಒಳಗೆಲ್ಲ ಬೀವರ್ ತುಪ್ಪಳ, ಬೆನ್ನ ಮೇಲೆ ಕೆಂಪು ನೀಲಿ ಮಣಿಗಳ ಒಂದು ಹೂವು. ಎಡಗೈಯದು, ಒಂದೇ. ಮೂಗಿನ ಹತ್ತಿರ ತಂದರೆ ಇಷ್ಟು ಕಾಲದ ಮೇಲೂ ಸೌದೆ ಹೊಗೆಯ ವಾಸನೆ.

"ತಾಯಿ ಒಂದು ಜೊತೆ ಹೊಲಿದಿದ್ದಳಂತೆ. ದೋಣಿ ಹೊರಡುವಾಗ ಬಲಗೈಗೆ ಮಾತ್ರ ತೊಡಿಸಿ, ಇದನ್ನು ತಾನೇ ಇಟ್ಟುಕೊಂಡಳಂತೆ. ಈ ಕೈ ತಣ್ಣಗಾದಾಗಲೆಲ್ಲ ಮನೆ ನೆನಪಾಗಲಿ, ವಾಪಸು ಬರಲಿ ಅಂತ."

ನಾನು ಅನುವಿನ ಕಡೆ ನೋಡಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಎಡಗೈಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಅವರು ಹೋದ ಮೇಲೆ ಬೇಳೆ ರುಬ್ಬುವುದು, ಕೋಳಿ ತೊಳೆಯುವುದು, ಹೊಗೆ ಅಲಾರ್ಮಿನ ಬ್ಯಾಟರಿ ಬಿಚ್ಚಿಸುವುದು. ಇದನ್ನು ಬಿಚ್ಚದೆ ಇಂಗ್ಲೆಂಡಿನಲ್ಲಿ ಧೂಪ ಹಾಕಿದರೆ ಹಿರಿಯರಿಗಿಂತ ಮೊದಲು ಫೈರ್ ಎಂಜಿನ್ ಬರುತ್ತದೆ. ಭಾನುವಾರ ಬೆಳಗ್ಗೆ ಇವರು ಮ್ಯಾಂಚೆಸ್ಟರಿನ ಇಂಡಿಯನ್ ಅಂಗಡಿಯಿಂದ ಬಾಳೆ ಎಲೆ ತಂದರು. ಮಾವನವರಿಗೆಂದು ಸಣ್ಣ ಬ್ರಾಂದಿ ಬಾಟಲಿ ತಂದರು. ಬೀಡಿ ಸಿಗಲಿಲ್ಲವೆಂದು ಸಿಗರೇಟು ತಂದರು. "ಫಾರಿನ್ ಸಿಗ್ರೇಟು ನೋಡಿ ನಿಮ್ಮಪ್ಪ ವಾಪಸ್ಸೇ ಹೋಗಾಕಿಲ್ಲ" ಎಂದರು ಅತ್ತೆ.

ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ನಾನು ಒಲೆ ಬಿಟ್ಟು ಕದಲಲಿಲ್ಲ. ಮುಂದಿನ ಕೋಣೆಯಲ್ಲಿ ಎಲೆ ಹಾಕಿ ಬಟ್ಟೆ ಜೋಡಿಸಿದ್ದೆಲ್ಲ ಅತ್ತೆಯೇ. ಬೆಳಕು ಮಂಕಾಗುವ ಹೊತ್ತಿಗೆ ಬಡಿಸಿ, ದೀಪ ಹಚ್ಚಿ, ಧೂಪ ಹಾಕಿದೆವು. ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಮಾವನ ಫೋಟೋ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆ ಒಬ್ಬೊಬ್ಬರನ್ನೂ ಕರೆದರು. ಕೊನೆಗೆ "ಬಾ ನಾಗು, ಬಾ ಕಂದ, ಉಣ್ಣು ಬಾ" ಎಂದರು. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಅತ್ತೆ ಮೆಟ್ಟಿಲ ಮೇಲೆ ಕೂತರು, ಅನು ನನ್ನ ಪಕ್ಕ.

ಆಗ ಹೊರಬಾಗಿಲ ಗಂಟೆ ಹೊಡೆದುಕೊಂಡಿತು. ಲೂಯಿಸ್ ಮತ್ತು ಜೀನ್. ಲೂಯಿಸಳ ಮುಖ ಬಿಳಿಚಿಕೊಂಡಿತ್ತು. ಕೈಗವಸು ಇಲ್ಲಿ ಬಿಟ್ಟುಹೋಗಿದ್ದಾಳಂತೆ. ಹೋಟೆಲಿನಲ್ಲಿ ಚೀಲವನ್ನೆಲ್ಲ ಸುರಿದು ನೋಡಿದಳಂತೆ.

ನಾನು ನಿನ್ನೆ ಅವರು ಚಹಾ ಕುಡಿದ ಮುಂದಿನ ಕೋಣೆಯ ಕಡೆ ನೋಡಿದೆ. ಬಾಗಿಲು ಮುಚ್ಚಿತ್ತು. "ಅತ್ತೆ, ನಿನ್ನೆ ಒಂದು ಕೈಗವಸು..."

"ಆ ಚರ್ಮದ್ದಾ? ಕುರ್ಚಿ ಮ್ಯಾಲಿತ್ತಲ್ಲ. ಒಳಗೆ ಮಗೀಗೆ ಇಟ್ಟಿವ್ನಿ, ಫ್ರಾಕಿನ ಮ್ಯಾಲೆ. ಇಲ್ಲಿ ಚಳಿ ಅಲ್ವಾ, ನಾಗೂಗೆ ಬೇಕಾಯ್ತದೆ ಅಂತ ನೀನೇ ತಂದಿದ್ದೀಯ ಅಂದ್ಕೊಂಡೆ. ಒಂದೇ ಐತಲ್ಲ, ಇನ್ನೊಂದು ಎಲ್ಲವ್ವ?"

ನಿನ್ನೆ ಲೂಯಿಸ್ ಅದನ್ನು ತೆಗೆಯುವಾಗ ಅತ್ತೆ ಅಡಿಕೆ ತಟ್ಟೆ ಇಡಲು ಅಡುಗೆಮನೆಗೆ ಹೋಗಿದ್ದರು. ಬೇರೆಯವರ ಮನೆಯ ಮಗುವಿನ ವಸ್ತುವನ್ನು ನಮ್ಮ ಮನೆಯ ಸತ್ತ ಮಗುವಿನ ಎಲೆಗೆ ಇಟ್ಟಾಗಿತ್ತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕಾನ್ವೆಂಟಿನ ನನ್ನ ಇಂಗ್ಲಿಷು ಪೂರ್ತಿ ಕೈಕೊಟ್ಟು, "ಡಿನ್ನರ್ ಫಾರ್ ದ ಡಿಪಾರ್ಟೆಡ್" ಎಂದುಬಿಟ್ಟೆ. ರೈಲು ಹತ್ತಿ ಹೊರಟುಹೋದವರಿಗೆ ಊಟ ಇಟ್ಟ ಹಾಗೆ ಕೇಳಿಸಿತು. ಆದರೆ ಲೂಯಿಸ್ ತಲೆಯಾಡಿಸಿದಳು. "ನಮ್ಮಲ್ಲೂ ಸತ್ತವರಿಗೆ ಉಣ್ಣಲು ಇಡುತ್ತೇವೆ" ಎಂದಳು. ಬೂಟು ಬಿಚ್ಚಿದಳು.

ನಮ್ಮನೆಯವರಿಗೆ ಅವಮಾನವಾದ ಹಾಗಾಯಿತು. "ಒಂದು ಸೆಕೆಂಡ್, ನಾನು ತಂದುಕೊಡ್ತೀನಿ" ಎಂದು ಹಿಡಿಕೆಗೆ ಕೈ ಹಾಕಿದರು.

"ಸುಮ್ಕಿರ್ಲಾ! ಉಣ್ಣಕ್ಕೆ ಕುಂತವ್ರೆ, ತಗೀಬ್ಯಾಡ."

ಅತ್ತೆಯ ಗಂಟಲು ಕೇಳಿ ಭಾಷೆ ಬಾರದ ಜೀನ್ ಕೂಡ ಗೋಡೆಗೆ ಒರಗಿ ನಿಂತುಬಿಟ್ಟಳು. ಸಣ್ಣ ಪ್ಯಾಸೇಜು, ಆರು ಜನ, ಬಾಗಿಲ ಸಂದಿಯಿಂದ ಬರುವ ಧೂಪದ ಎಳೆ. ದೀಪ ಹಾಕಲು ಯಾರಿಗೂ ತೋಚಲಿಲ್ಲ. ಜೀನಳ ಮಳೆಟೋಪಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಧೂಪದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಸೌದೆ ಹೊಗೆಯದು, ನಿಧಾನವಾಗಿ ಎದ್ದು ಬಂದ ಹಾಗೆ ನನಗನ್ನಿಸಿತು.

ಸಾಕಷ್ಟು ಹೊತ್ತಾಯಿತು ಎನ್ನಿಸಿದಾಗ ಅತ್ತೆ ಮಂಡಿ ಹಿಡಿದು ಎದ್ದರು. ತಟ್ಟಲು ಕೈ ಎತ್ತಿದರು.

ಅವರ ಕೈ ಬಾಗಿಲು ಮುಟ್ಟುವ ಮೊದಲೇ ಬಾಗಿಲು ಸದ್ದಾಯಿತು.

ಒಳಗಿನಿಂದ. ಎರಡು ಸಲ. ತುಂಬ ಕೆಳಗೆ, ನನ್ನ ಸೊಂಟದ ಮಟ್ಟದಲ್ಲಿ. ಗೆಣ್ಣಿನ ಸದ್ದಲ್ಲ, ಅಂಗೈಯದ್ದೂ ಅಲ್ಲ. ಮೆತ್ತಗೆ, ದಪ್ಪಗೆ, ಚರ್ಮ ತೊಟ್ಟ ಕೈಯಲ್ಲಿ ತಟ್ಟಿದ ಹಾಗೆ.

ನಾನು ಮೊದಲು ಮಾಡಿದ ಕೆಲಸ ಅನುವಿನ ತೋಳು ಹಿಡಿದದ್ದು. ಅವಳು ನನ್ನ ಪಕ್ಕದಲ್ಲೇ ಇದ್ದಳು.

"ರೇಡಿಯೇಟರ್ ಪೈಪು" ಎಂದರು ನಮ್ಮನೆಯವರು.

ಜೀನ್ ಮೆಟ್ಟಿಲ ಕೆಳಗಿನ ಗೂಡಿನತ್ತ ನೋಡುತ್ತಿದ್ದಳು. "ನಮ್ಮಜ್ಜಿ ಎಲ್ಲಿ ಮನೆ ಮಾಡಿದರೂ ಮೆಟ್ಟಿಲ ಕೆಳಗೆ ಒಂದು ಗಿಡ್ಡ ಗೂಟ ಹೊಡೆಸುತ್ತಿದ್ದಳು. ಲೀಡ್ಸಿನ ಪುಟ್ಟ ಮನೆಯಲ್ಲೂ. ಮಕ್ಕಳೆಲ್ಲ ದೊಡ್ಡವರಾದ ಮೇಲೂ. ಯಾರಿಗೆ ಅಜ್ಜಿ ಅಂತ ನಾನು ಒಮ್ಮೆ ಕೇಳಿದೆ. 'ಪುಟ್ಟ ಹುಡುಗಿಗೆ. ನಮ್ಮಮ್ಮ ಹೊಡೆಸುತ್ತಿದ್ದಳು, ನಾನೂ ಹೊಡೆಸುತ್ತೇನೆ. ಅದರಲ್ಲಿ ನಿನ್ನದೇನನ್ನೂ ಹಾಕಬೇಡ' ಅಂದಳು. ಯಾವ ಹುಡುಗಿ ಅಂದದ್ದಕ್ಕೆ ಕಪಾಳಕ್ಕೆ ಹೊಡೆದಳು. ಅಜ್ಜಿ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ." ಅವಳು ಲೂಯಿಸಳ ತೋಳನ್ನು ಹಿಡಿದಳು. "ನಿನ್ನೆ ಈ ಗೂಟ ನೋಡಿದೆ. ಆದರೂ ಹೇಳಲಿಲ್ಲ. ಅವಳು ಬಂದಿದ್ದಳು ಅಂದರೆ, ನಮ್ಮವರು ಅವಳನ್ನು ಏನು ಮಾಡಿದರು ಅಂತ ನೀನು ಕೇಳುತ್ತೀಯಲ್ಲ. ನನಗೆ ಗೊತ್ತಿಲ್ಲ, ಲವ್. ಯಾರೋ ಒಬ್ಬಳು ಅವಳನ್ನು ಮರೆಯಲಿಲ್ಲ. ಅಷ್ಟೇ ಗೊತ್ತು."

ಲೂಯಿಸ್ ಬಾಗಿಲನ್ನೇ ನೋಡುತ್ತಿದ್ದಳು.

ನಾನು ಅತ್ತೆಗೆ ಗುಸುಗುಸು ಹೇಳಿದೆ. ಅವರು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಮಗೀನ ಹೆಸರೇನಂತೆ?"

ಹೆಸರು ಉಳಿದಿಲ್ಲ ಎಂದಳು ಲೂಯಿಸ್.

"ಹೆಸ್ರಿಲ್ದಿದ್ರೆ ಏನಂತೆ, ಮಗ ಅಂದ್ರೆ ಯಾವ ಮಗ ಆದ್ರೂ ಬತ್ತದೆ" ಎಂದು ಅತ್ತೆ ಮೇಲುಗಡೆ ಒಂದು ಸಲ ತಟ್ಟಿ, ಬಗ್ಗಿ, ಕೆಳಗೆ ಆ ಸದ್ದು ಬಂದಿದ್ದ ಜಾಗದಲ್ಲಿ ಇನ್ನೊಂದು ಸಲ ತಟ್ಟಿ, ಬಾಗಿಲು ತೆಗೆದರು.

ಎಲ್ಲವೂ ಇಟ್ಟದ್ದು ಇಟ್ಟಲ್ಲೇ ಇತ್ತು. ಮುದ್ದೆಯ ಮೇಲೆ ನನ್ನ ಬೆರಳಿನ ಗುರುತು, ಬ್ರಾಂದಿಯ ಲೋಟ, ಹಳದಿ ಫ್ರಾಕಿನ ಮೇಲೆ ಕೈಗವಸು. ಏನನ್ನೋ ನಿರೀಕ್ಷಿಸಿದ್ದಕ್ಕೆ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಲೂಯಿಸ್ ಮಂಡಿಯೂರಿ ಕೂತು ಅದನ್ನು ಎತ್ತಿಕೊಂಡಳು. ಒಳಗೆ ಎರಡು ಬೆರಳು ಹಾಕಿದಳು. ಹಾಗೇ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ಚಾಚಿದಳು.

ನಾನೂ ಬೆರಳು ಹಾಕಿದೆ. ತುಪ್ಪಳ ಬೆಚ್ಚಗಿತ್ತು. ಈಗ ತಾನೇ ಒಂದು ಪುಟ್ಟ ಕೈ ಹೊರಕ್ಕೆ ಎಳೆದುಕೊಂಡ ಹಾಗೆ, ಒಳಗಿನ ಕೂದಲೆಲ್ಲ ಒಂದೇ ಕಡೆಗೆ ಒರಗಿತ್ತು.

"ದೀಪ ಹತ್ತಿರ ಇತ್ತಲ್ಲ" ಎಂದರು ನಮ್ಮನೆಯವರು.

ದೀಪ ಕೋಣೆಯ ಆ ತುದಿಯಲ್ಲಿ, ಮಾವನ ಫೋಟೋದ ಮುಂದಿತ್ತು. ಎಲ್ಲರಿಗೂ ಕಾಣುವ ಹಾಗೆಯೇ ಇತ್ತು.

ಲೂಯಿಸ್ ನಮ್ಮ ಫೋನಿನಿಂದಲೇ ಅಮ್ಮನಿಗೆ ಮಾತಾಡಿದಳು. ಅಲ್ಲಿ ಮಧ್ಯಾಹ್ನ. ಅವಳು ಹೇಳಿದ್ದು ಒಂದೇ ಮಾತು, "ಅಮ್ಮ, ಅವಳು ಮನೆ ಮುಟ್ಟಿದಳು." ಆಮೇಲೆ ಕೇಳಿಸಿಕೊಂಡಳು. ಬಹಳ ಹೊತ್ತು. ಫೋನಿಟ್ಟು, ನನ್ನನ್ನು ಕೇಳಿದಳು: "ಇದನ್ನು ಇಲ್ಲೇ ಬಿಟ್ಟು ಬಾ ಅಂತಾಳೆ. ಅವಳ ಕೈ ತಣ್ಣಗಿರುತ್ತೆ ಅಂತಾಳೆ. ಬಿಡಲಾ?"

ಮೂಲೆಯ ಗಿಡ್ಡ ಗೂಟಕ್ಕೆ ಅದನ್ನು ಹಾಕಿದ್ದು ಜೀನ್. ನಾನು ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಆಮೇಲೆ ಅವರಿಬ್ಬರೂ ನಮ್ಮ ಜೊತೆಯೇ ಎಲೆಯ ಮುಂದೆ ಕೂತು ಉಂಡರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅತ್ತೆ ಅಭಿನಯಿಸಿ ತೋರಿಸಿದರು. ಜೀನ್ ಕಣ್ಣಲ್ಲಿ ನೀರು ಬರುವ ತನಕ ಪ್ರಯತ್ನಿಸಿದಳು. ಆ ನೀರು ಪೂರ್ತಿ ಮುದ್ದೆಯದ್ದೆಂದು ನನಗನ್ನಿಸಲಿಲ್ಲ. ಲೂಯಿಸಳ ತಾಯಿ ಆ ವಾರವೇ ಹೋದರಂತೆ, ಪ್ರಶ್ನೆ ಕೇಳುವುದನ್ನು ನಿಲ್ಲಿಸಿ, ನಿದ್ದೆಯಲ್ಲಿ.

ಅನು ಎಡಗೈಯನ್ನು ಜೇಬಿಗೆ ತುರುಕುವುದನ್ನು ಬಿಟ್ಟಳು. ಯಾವಾಗ ಬಿಟ್ಟಳೆಂದು ನಾನು ಗಮನಿಸಲಿಲ್ಲ. ಬಿಟ್ಟಿದ್ದಾಳೆ ಎಂಬುದನ್ನು ಒಂದು ದಿನ ಗಮನಿಸಿದೆ.

ನಾವಿನ್ನೂ ಅದೇ ಮನೆಯಲ್ಲಿದ್ದೇವೆ. ವರ್ಷಕ್ಕೊಮ್ಮೆ ಕೈಗವಸು ಗೂಟದಿಂದ ಇಳಿದು ಎಡೆಗೆ ಹೋಗಿ, ಮತ್ತೆ ಗೂಟಕ್ಕೆ ಬರುತ್ತದೆ. ನಾಗುವಿನ ಫ್ರಾಕಿನ ಪಕ್ಕದಲ್ಲಿ ಇನ್ನೊಂದು ಎಲೆ, ಅದಕ್ಕೆ ಕಜ್ಜಾಯ ಜಾಸ್ತಿ. ಮುಚ್ಚಿದ ಬಾಗಿಲಿನ ಆಚೆ ಯಾರೋ ಇರಬಹುದೆಂದು ಅಂದಿನಿಂದ ನನಗೆ ಅನ್ನಿಸುತ್ತಲೇ ಇದೆ. ಹೆದರಿಕೆ ಅಂತಲ್ಲ. ಯಾರ ಊಟಕ್ಕೋ ಅಡ್ಡ ಬರಬಾರದು ಅಂತ.

ಕಳೆದ ವರ್ಷದ ಎಡೆಯಲ್ಲಿ ಅತ್ತೆಯ ಸೀರೆಯನ್ನೂ ಇಡಬೇಕಾಗಿ ಬಂತು. ಅವರಿಗೆ ಇಷ್ಟವಾದ ಹಸಿರು ಬಣ್ಣದ್ದು. ಈ ಸಲ ಎಲ್ಲರನ್ನೂ ಕರೆದವಳು ನಾನು. ಹೊರಗೆ ಬಂದು ಬಾಗಿಲು ಮುಚ್ಚಿ, ಅಂದು ಅವರು ಕೂತಿದ್ದ ಮೆಟ್ಟಿಲಿನಲ್ಲೇ ಕೂತೆ. ಅನು ಈಗ ನನಗಿಂತ ಎತ್ತರ. ನಮ್ಮ ಪಿಯುಸಿಯಂಥ ಎ ಲೆವೆಲ್ ಓದು, ಕಿವಿಗೆ ಮೂರು ಓಲೆ, ಇಂಥದ್ದನ್ನೆಲ್ಲ ನಂಬುವ ಹುಡುಗಿಯಲ್ಲ. ಆದರೂ ಅವಳು ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಲಗೆಗೆ, ಕೆಳಗಡೆ, ಕಿವಿ ಕೊಟ್ಟಿದ್ದಳು. ಬಹುಶಃ ನನ್ನನ್ನು ನಗಿಸಲು.

ಹೊತ್ತಾಯಿತೆಂದು ನಾನು ಎದ್ದೆ. ತಟ್ಟಲು ಗೆಣ್ಣು ಮಡಚಿದೆ.

ಅನು ತಲೆಯೆತ್ತದೆ ನನ್ನ ಮಣಿಕಟ್ಟು ಹಿಡಿದಳು.

"ಒಂದ್ನಿಮಿಷ, ಅಮ್ಮಾ" ಎಂದು ಪಿಸುಗುಟ್ಟಿದಳು. "ಅಜ್ಜಿ ಈಸ್ ಸ್ಟಿಲ್ ಫೀಡಿಂಗ್ ಹರ್."

ನಾನು ಕೈ ಕೆಳಗಿಳಿಸಿ, ಮತ್ತೆ ಮೆಟ್ಟಿಲ ಮೇಲೆ ಕೂತೆ.